ನಾಲ್ಕು ಕಿಲೋ ಇನ್ನೂರು

ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ನಿಲ್ಲಲೊಲ್ಲದು.
ಬೆಲ್ಲದ ವಾಸನೆಗೆ ಮೂಗೆತ್ತಿ ಒಂದು ಗಳಿಗೆ ಸುಮ್ಮನಾದಾಗ
ಹೊನ್ನೂರಪ್ಪ ಓದಿದ: ನಾಲ್ಕು ಕಿಲೋ ಇನ್ನೂರು.
ಚೀಟಿಯಲ್ಲಿ ಬರೆದುಕೊಂಡೆ.
ಮಂಪರಿನ ಮದ್ದು ತೂಕದ ಮೇಲಂತೆ.
ಅರ್ಧ ಕಿಲೋ ಬೇಳೆ ಕಟ್ಟಿಸಿಕೊಂಡು
ಕೌಲ್ ಬಜಾರಿನ ಸಂದಿ ಹಿಡಿದು ಬಂದೆವು, ನಾನೂ ಗುಂಡಿಯೂ.

ಗುಂಡಿ ಅಂದರೆ ತೆಗ್ಗಲ್ಲ, ಪ್ಯಾಂಟಿನ ಗುಂಡಿ.
ಜೀನ್ಸಿನ ಗಂಟು ಬಿಚ್ಚಿದ ದಿನ
ಕಾಜದ ಮಿಷನ್ನಿನ ಕೆಳಗೆ ಸಿಕ್ಕಿತ್ತು,
ಕಣ್ಣು ಇನ್ನೂ ನೆಟ್ಟಗೆ ಬಿಟ್ಟಿರಲಿಲ್ಲ.
ಬಿಳಿ ಹೊಟ್ಟೆ ಈಗ ನೀಲಿ,
ಚಿಂದಿಯ ಮೇಲೆ ಮಲಗಿ ಮಲಗಿ.

ಪಶು ಆಸ್ಪತ್ರೆಯಲ್ಲಿ ಎಮ್ಮೆಯೊಂದು
ಕಬ್ಬಿಣದ ಚೌಕಟ್ಟಿನೊಳಗೆ ನಿಂತು ನಮ್ಮನ್ನೇ ನೋಡುತ್ತಿತ್ತು.
ಡಾಕ್ಟ್ರಮ್ಮ ಗುಂಡಿಯನ್ನು ತಿರುವಿ ಹಾಕಿ ಗಾಬರಿಯಾದಳು:
‘ಏನಮ್ಮಾ ಇದು, ನೀಲಿ?’
‘ಜೀನ್ಸ್ ಬಣ್ಣ ಮೇಡಂ.’
ನಕ್ಕಳು. ಅಲ್ಲೇ ನಂಬಿಕೆ ಬಂತು ನನಗೆ.
‘ಮಾಡ್ತೀನಿ, ದುಡ್ಡು ಬ್ಯಾಡ. ಆದ್ರೆ ಗ್ಯಾಸಿನ ಮಿಷನ್ ನಮ್ಮಲ್ಲಿಲ್ಲ,
ಸೂಜಿಮದ್ದೇ. ಸಣ್ಣ ಜೀವ. ವಿಚಾರ ಮಾಡು.’

ಗಾಂಧಿನಗರದ ಕ್ಲಿನಿಕ್ಕಿನಲ್ಲಿ ತಂಪು ಗಾಳಿ,
ಗೋಡೆಯ ಮೇಲೆ ಬಂಗಾರದ ಕೂದಲಿನ ನಾಯಿ.
ಮಿಷನ್ ಇದೆ. ಬಿಟ್ಟು ಹೋಗಿ, ಫೋನ್ ಮಾಡ್ತೀವಿ ಅಂದರು.
ಏಳು ಸಾವಿರ.
ಪ್ಯಾಂಟಿಗೆ ಹದಿನಾಲ್ಕರಂತೆ ಐನೂರು ಪ್ಯಾಂಟು.
ಎಣಿಸುತ್ತಾ ನಡೆದವಳಿಗೆ
ಸಂಗಂ ಸರ್ಕಲ್ ದಾಟಿದ್ದೇ ತಿಳಿಯಲಿಲ್ಲ.

ಇನ್ನು ಯಾವಾಗ.
ಬೆದೆಗೆ ಬರೋಕೆ ಮುಂಚೆ ಮಾಡಿಸಿಬಿಡು ಅಂತಾಳೆ ಪಕ್ಕದ ಮಾಬುಬೀ.
‘ಒಂದ್ ಸೂಲು ಆಗ್ಲಿ ಬಿಡೇ, ಹೆಣ್ಣುಜೀವ’ ಅಂತಾಳೆ ಅತ್ತೆ ಸುಂಕ್ಲಮ್ಮ,
ಶೇಂಗಾ ಸುಲಿಯುತ್ತಾ, ತಲೆ ಎತ್ತದೆ.
ಏಪ್ರಿಲ್ ಆಗದು: ಕರೆಂಟು ಹೋದರೆ
ತಗಡಿನ ಕೆಳಗೆ ನಾವೇ ಬೇಯುತ್ತೇವೆ, ಹಸಿ ಗಾಯದ ಪಾಡೇನು.
ದಸರೆಗೆ ಮುಂಚೆ ಆರ್ಡರು, ಕೂತಲ್ಲಿಂದ ಏಳುವಂತಿಲ್ಲ.
ದೀಪಾವಳಿಗೆ ಪಟಾಕಿ, ಅದು ಅಕ್ಕಿ ಡಬ್ಬದ ಹಿಂದೆ ಸೇರಿಬಿಡುತ್ತದೆ.
ಬಳ್ಳಾರಿಗೆ ಇರುವುದೇ ಎರಡು ಕಾಲ,
ಬಿಸಿಲು, ಕಡುಬಿಸಿಲು.
ನಡುವೆ ಎಲ್ಲಾದರೂ ಹತ್ತು ದಿನ ಸಿಗುತ್ತದೇನೋ ಎಂದು
ಕ್ಯಾಲೆಂಡರು ತಿರುವುತ್ತೇನೆ.

ನನ್ನನ್ನು ಯಾರೂ ಕೇಳಿರಲಿಲ್ಲ, ಯಾವಾಗ ಅಂತ.
ಎರಡನೆಯದು ಹುಟ್ಟಿ ನಾಲ್ಕನೇ ದಿನ.
‘ಕ್ಯಾಂಪ್ ಐತೆ, ಸೀರೆ ಉಟ್ಕೋ’ ಅಂದಿದ್ದಳು ಅತ್ತೆ.
ನೆಲದ ಮೇಲೆ ಹದಿನೇಳು ಹೆಂಗಸರು ಸಾಲಾಗಿ,
ಗೋಡೆಗೆ ಹತ್ತಿದವಳು ನಾನು.
ತೂಕ ನೋಡಿದ ನೆನಪಿಲ್ಲ.
ಸಿಟ್ಟೇನಿಲ್ಲ. ಮೂರನೆಯದು ನನಗೂ ಬೇಕಿರಲಿಲ್ಲ.
ಕೇಳಿದ್ದರೆ ಹೂಂ ಅನ್ನುತ್ತಿದ್ದೆ.
ಕೇಳಿದ್ದರೆ.

ಹಾಗಂತ ಗುಂಡಿಯನ್ನು ಕೇಳಲಿಕ್ಕಾಗುತ್ತದೆಯೇ?
ಕೇಳಿದೆ, ಒಂದು ರಾತ್ರಿ, ಎಲ್ಲರೂ ಮಲಗಿದ ಮೇಲೆ.
ಕಾಲ್ಬೆರಳು ನೆಕ್ಕಿತು,
ಚಿಂದಿಯಲ್ಲಿ ಮೂರು ಸುತ್ತು ತಿರುಗಿ
ಬಾಲಕ್ಕೆ ಮೂಗು ಹಚ್ಚಿ ಬಿದ್ದುಕೊಂಡಿತು.

ಮರುದಿನ ಮತ್ತೆ ಹೋದೆ. ಎಮ್ಮೆ ಇರಲಿಲ್ಲ.
ಒಳಗೆ ನಾನೂ ನಿಲ್ಲಬಹುದಾ ಮೇಡಂ?
‘ನಿಂತ್ಕೋ. ತಲೆ ಹಿಡ್ಕೋ. ಅದು ಮಲಗೋತನಕ ಮಾತಾಡಿಸ್ತಾ ಇರು.’
ಡಿಸೆಂಬರ್, ಎರಡನೇ ಗುರುವಾರ, ಬೆಳಿಗ್ಗೆ.
ಸರಿಯೋ ತಪ್ಪೋ. ಮಿಷನ್ ಇಲ್ಲದ್ದು ಗೊತ್ತಿದ್ದೇ ಒಪ್ಪಿದೆ.

ಸಂಜೆ ಅತ್ತೆ ಸಿಪ್ಪೆ ಗುಡಿಸುತ್ತಾ ಕೇಳಿದಳು:
‘ನಾಯಿಗೆ ಇಷ್ಟೊಂದು ವಿಚಾರ ಮಾಡ್ತೀಯಲ್ಲೇ.’
ಆಮೇಲೆ, ಬಾಗಿಲ ಹತ್ತಿರ ಹೋಗಿ, ಆಚೆ ನೋಡುತ್ತಾ,
‘ನಿಂಗವತ್ತು ಬಾಳ ನೋವಾಗಿತ್ತೇನು?’

ಬೆಳಕು ಹೋಗ್ತೈತೆ ಅತ್ತೆ, ಸ್ವಲ್ಪ ಸರಿ, ಅಂದೆ.

ಜೇಬಿನ ಬಿಳಿ ಬಟ್ಟೆ ಒಂದು ಮೊಳ ಉಳಿದಿತ್ತು.
ಹೊಟ್ಟೆಗೊಂದು ಅಂಗಿ ಕತ್ತರಿಸಿದೆ, ಗಾಯ ನೆಕ್ಕದ ಹಾಗೆ,
ನಾಲ್ಕು ಕಾಲಿಗೆ ನಾಲ್ಕು ತೂತು.
ಲೋಹದ ಗುಂಡಿ ಬೇಡ, ಮಲಗಿದರೆ ಒತ್ತುತ್ತದೆ.
ಕಸೆ ಸಾಕು.